ಹುಟ್ಟುವ ಮುಂಚಿನ ಕುಲಾವಿ

ಮಂಚದ ಕಾಲ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದರು. ತಲೆ ತಗ್ಗಿಗೆ, ಕಾಲು ಮೇಲಕ್ಕೆ. ಅನುಸೂಯ ಹಾಗೆ ಮಲಗಿ ತಿಂಗಳುಗಳೇ ಆಗಿದ್ದವು. ಒಂದು ಮನೆ ಎಷ್ಟು ಚಿಕ್ಕದಾಗಬಲ್ಲದು ಎಂಬುದು ಹೀಗೆ ಮಲಗಿದವರಿಗೆ ಮಾತ್ರ ಗೊತ್ತು. ಮೇಲೆ ಫ್ಯಾನು, ಎದುರಿಗೆ ಸುಣ್ಣ ಎದ್ದ ಗೋಡೆ, ಪಕ್ಕದಲ್ಲಿ ಅರ್ಧ ತೆರೆದ ಬಾಗಿಲು. ಅಡುಗೆಮನೆಯಲ್ಲಿ ಒಗ್ಗರಣೆ ಬಿದ್ದರೆ ವಾಸನೆ ಬರುತ್ತಿತ್ತು, ಬೀದಿಯಲ್ಲಿ ತರಕಾರಿ ಗಾಡಿ ಬಂದರೆ ಕೂಗು ಬರುತ್ತಿತ್ತು. ಅವಳು ಮಾತ್ರ ಎಲ್ಲಿಗೂ ಹೋಗುವಂತಿರಲಿಲ್ಲ.

ಹೋದ ವರ್ಷ ಆರನೇ ತಿಂಗಳಲ್ಲೇ ಕೂಸು ಹೋಗಿತ್ತು. ಅದನ್ನು ಅವಳಿಗೆ ತೋರಿಸಿರಲಿಲ್ಲ. ನೋಡಿದರೆ ಎದೆ ಒಡೆದುಕೊಳ್ಳುತ್ತಾಳೆ, ಬೇಡ ಎಂದು ದೊಡ್ಡವರು ತೀರ್ಮಾನ ಮಾಡಿದ್ದರು. ಹೆಣ್ಣು ಎನ್ನುವುದು ಕೂಡ ನರ್ಸೊಬ್ಬಳು ಬಾಯಿ ತಪ್ಪಿ ಆಡಿದ್ದರಿಂದ ಗೊತ್ತಾದದ್ದು. ಆಮೇಲೆ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಈ ಸಲ ಚಿತ್ರದುರ್ಗದ ಡಾಕ್ಟರಮ್ಮ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿ, "ಇನ್ನು ಕೂಸು ಉಳಿಯೋದು ನಿಮ್ಮ ಕೈಲಿಲ್ಲಮ್ಮ, ನಿಮ್ಮ ಬೆನ್ನಲ್ಲಿದೆ. ಮಲಗೇ ಇರಬೇಕು" ಎಂದು ಹೊಸದುರ್ಗಕ್ಕೆ ಕಳಿಸಿದ್ದರು.

ಗಂಡ ಮೋಹನ್‌ಕುಮಾರ್ ಗುಡ್ಡದ ಮೇಲಿನ ಕರೆಂಟು ತೆಗೆಯುವ ಗಾಳಿ ಫ್ಯಾನುಗಳ ರಿಪೇರಿ ಕೆಲಸದವನು. ಬೆಳಿಗ್ಗೆ ಬೈಕು ಹತ್ತಿದರೆ ಸಂಜೆಗೇ ಬರುವುದು. ಹಗಲೆಲ್ಲ ಅನುಸೂಯಳನ್ನು ಕಾಯುತ್ತಿದ್ದವಳು ಅತ್ತೆ ಶಾಂತಕ್ಕ. ಶಾಂತಕ್ಕ ಕೆಟ್ಟ ಅತ್ತೆಯಲ್ಲ. ಕೆಟ್ಟವಳಾಗಿದ್ದರೆ ಒಂದು ಸಲ ಚೆನ್ನಾಗಿ ಜಗಳವಾಡಿ ಹಗುರಾಗಬಹುದಿತ್ತು. ಇವಳು ಊಟ ಕೊಟ್ಟು, ತಲೆ ಬಾಚಿ, ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮೈ ಒರೆಸಿ, ಮೇಲೆ ಒಂದು ಮಾತು ಕೂಡ ಆಡಿ ತೋರಿಸುವವಳಲ್ಲ. ಅಂಥವರ ಎದುರಿಗೆ ಬೇಸರ ಎಂದು ಹೇಳಿಕೊಳ್ಳುವುದು ಹೇಗೆ? ಅನುಸೂಯ ಬೇಸರವನ್ನು ನುಂಗಿ ನುಂಗಿ ಹೊಟ್ಟೆ ತುಂಬಿಸಿಕೊಂಡಿದ್ದಳು.

ಮೊದಮೊದಲು ಫೋನು ನೋಡಿದಳು. ಫೋನಿನಲ್ಲಿ ಎಲ್ಲರೂ ಎಲ್ಲಿಗೋ ಹೋಗುತ್ತಿದ್ದರು. ಹೊಟ್ಟೆ ಉರಿದು ಅದನ್ನು ದಿಂಬಿನ ಕೆಳಗೆ ತುರುಕಿದಳು. ಆಮೇಲೆ ಪಕ್ಕದ ಮನೆಯ ಸುಗ್ರಾ ಬಂದಾಗ ಹೆಣಿಗೆಯ ಮಾತು ಬಂತು. ಸುಗ್ರಾ ಎಂದರೆ ಹಾಸಿಗೆ ಅಂಗಡಿ ಅಬ್ದುಲ್ ಖಾದರನ ಹೆಂಡತಿ. ಎರಡೂ ಮನೆಗಳ ನಡುವಿನ ಗಿಡ್ಡ ಗೋಡೆ ಸಾರು, ಪಲ್ಯ, ಸುದ್ದಿ ದಾಟಿಸಲಿಕ್ಕೆಂದೇ ಕಟ್ಟಿದ್ದು ಅನ್ನಬೇಕು.

"ಸಿರಿಗೆರೆ ಹಾಸ್ಟೆಲ್ನಾಗಿದ್ದಾಗ ಸ್ವೆಟರ್ ಹೆಣೀತಿದ್ದೆ ಸುಗ್ರಾಕ್ಕ. ಈಗ ಎಲ್ಲ ಮರ್ತೋಗೈತೆ" ಎಂದಳು ಅನುಸೂಯ.

"ಕೈ ಮರೆಯಲ್ಲ ಅಮ್ಮಾ, ತಲೆ ಮರೀತೈತೆ" ಎಂದ ಸುಗ್ರಾ ಮರುದಿನ ತನ್ನ ಟ್ರಂಕಿನಿಂದ ಎರಡು ಜೊತೆ ಕಡ್ಡಿ, ಮಿಕ್ಕಿದ ನೀಲಿ ಉಲ್ಲನ್ ಉಂಡೆ ತಂದುಕೊಟ್ಟಳು.

ನೀಲಿ ಉಂಡೆ ಎಷ್ಟು ಬೇಗ ಮುಗಿಯಿತೆಂದರೆ ಅನುಸೂಯ ಹೆಣೆದದ್ದನ್ನೇ ಬಿಚ್ಚಿ ಮತ್ತೆ ಹೆಣೆಯತೊಡಗಿದಳು. ಬಿಚ್ಚುವುದು, ಹೆಣೆಯುವುದು, ಮತ್ತೆ ಬಿಚ್ಚುವುದು. ಶಾಂತಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಅವಳ ತವರು ಶ್ರೀರಾಂಪುರದ ಕಡೆ, ಕುರಿ ಸಾಕಿ ಕಂಬಳಿ ನೇಯ್ದ ಮನೆ. ಅಣ್ಣನ ಮನೆಗೆ ಹೋಗಿ ಒಂದು ಚೀಲ ಉಣ್ಣೆ, ಜೊತೆಗೆ ನೂಲುವ ಒಂದು ಕದಿರು ಹಿಡಿದುಕೊಂಡು ಬಸ್ಸಿಳಿದಳು. ಅಬ್ದುಲ್ ಖಾದರ್ ಹತ್ತಿ ಹಿಂಜುವ ಮಷೀನಿಗೆ ಉಣ್ಣೆ ಹಾಕುವುದಿಲ್ಲ ಎಂದು ಮೊದಲು ಗೊಣಗಿದ. ಕುರಿ ನಾತ ಹತ್ತಿದರೆ ಗಿರಾಕಿ ಹಾಸಿಗೆ ಮೇಲೆ ಮಲಗುತ್ತಾನೆಯೇ ಎಂಬುದು ಅವನ ವಾದ. ಸುಗ್ರಾ ಒಂದು ನೋಟ ನೋಡಿದಳು. ವಾದ ಮುಗಿಯಿತು. ಅವನು ತನ್ನ ತಂದೆಯ ಕಾಲದ ಹಿಂಜುವ ಬಿಲ್ಲನ್ನು ಹುಡುಕಿ ತೆಗೆದು ಕೈಯಲ್ಲೇ ಹಿಂಜಿಕೊಟ್ಟ. ಉಣ್ಣೆ ಹೊಗೆಯ ಹಾಗೆ ಎದ್ದು ನಿಂತಿತು.

"ನಾನು ನೂತು ಕೊಡಾದಿಲ್ಲ. ನನಗೆ ಮನೆಕೆಲಸ ಐತೆ. ನೀನೇ ಕಲ್ತುಕ" ಎಂದಳು ಶಾಂತಕ್ಕ.

ಮಂಚದ ಎತ್ತರ ಮೊದಲ ಸಲ ಉಪಯೋಗಕ್ಕೆ ಬಂತು. ಅನುಸೂಯ ಎಡಮಗ್ಗುಲಾಗಿ ಮಲಗಿ, ಹಿಂಜಿದ ಉಣ್ಣೆ ಸುತ್ತಿದ ಹಂಜಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕದಿರನ್ನು ತಿರುವಿ ಮಂಚದಂಚಿನಿಂದ ಕೆಳಕ್ಕೆ ಬಿಡುತ್ತಿದ್ದಳು. ಮೊದಲು ಬಂದದ್ದನ್ನು ನೂಲು ಅನ್ನಬಾರದು. ಒಂದು ಕಡೆ ಹಗ್ಗ, ಒಂದು ಕಡೆ ಕೂದಲು, ನಡುವೆ ಗಂಟು. ಕದಿರು ಕಿತ್ತುಕೊಂಡು ನೆಲಕ್ಕೆ ಬೀಳುತ್ತಿತ್ತು, ಅವಳಿಗೆ ಬಗ್ಗಿ ಎತ್ತುವಂತಿಲ್ಲ. ಒಲೆ ಮುಂದಿದ್ದ ಶಾಂತಕ್ಕ ಸದ್ದು ಕೇಳಿ ಬಂದು ಎತ್ತಿಕೊಡುತ್ತಿದ್ದಳು.

"ಎಳೀಬ್ಯಾಡ ಕಣಮ್ಮ. ನೀನು ಎಳದ್ರೆ ಅದು ಮುನಿಸ್ಕಂತೈತೆ. ಬಿಡು. ಅದೇ ಎಷ್ಟು ಬೇಕೋ ಅಷ್ಟು ತಗಂತೈತೆ."

ಒಂದು ದಿನ ಅದು ತಾನಾಗಿ ತೆಗೆದುಕೊಂಡಿತು. ಹುರಿ ಬೆರಳ ತನಕ ಹತ್ತಿ ಬಂತು, ಹಂಜಿ ಜಾರಿತು, ನೂಲು ಉದ್ದವಾಯಿತು, ಕದಿರು ತಿರುಗುತ್ತ ತಿರುಗುತ್ತ ನೆಲ ಮುಟ್ಟಿ ಟಕ್ ಎಂದಿತು. ಕಡಿದಿರಲಿಲ್ಲ. ಅನುಸೂಯಗೆ ಎಷ್ಟು ಖುಷಿಯಾಯಿತೆಂದರೆ "ಅತ್ತೇ" ಎಂದು ಕೂಗಿಬಿಟ್ಟಳು. ಶಾಂತಕ್ಕ ಸೌಟು ಹಿಡಿದೇ ಓಡಿ ಬಂದಳು. ಬಂದದ್ದು ಇದಕ್ಕೆ ಎಂದು ತಿಳಿದಾಗ ಬಾಗಿಲಿಗೆ ಒರಗಿ ಸುಧಾರಿಸಿಕೊಂಡಳು. ಹಾಗೆಲ್ಲ ಕೂಗಬೇಡ ಎಂದು ಬೈದು ಹೋದಳು.

ಆಮೇಲೆ ಅನುಸೂಯಗೆ ಹೊತ್ತು ಹೋಗುವ ಚಿಂತೆ ಇರಲಿಲ್ಲ. ಆ ಕೋಣೆಯಲ್ಲಿ ಅವಳ ಮಾತು ಕೇಳುವ ವಸ್ತು ಒಂದಾದರೂ ಇತ್ತಲ್ಲ. ತಿರುವಿದರೆ ತಿರುಗುತ್ತಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಕುರಿಯ ಜಿಡ್ಡು ಹತ್ತಿ ಅಂಗೈ ಮೆತ್ತಗಾಯಿತು. ಎರಡೆಳೆ ಸೇರಿಸಿ ಹುರಿ ಮಾಡಿ ಕೊಟ್ಟು, ಅದನ್ನು ಶಾಂತಕ್ಕ ನೀರಿಗೆ ಅದ್ದಿ ಕಿಟಕಿ ಸರಳಿಗೆ ನೇತುಹಾಕಿ ಒಣಗಿಸಿದರೆ ಹೆಣೆಯಲು ನೂಲು ಸಿದ್ಧ. ತಾನೇ ನೂತ ದಾರದಲ್ಲಿ ತಾನೇ ಹೆಣೆಯುವ ಸುಖ ಬೇರೆಯೇ. ಪ್ರತಿ ಕುಣಿಕೆಯಲ್ಲೂ ಇದು ಸೋಮವಾರದ್ದು, ಇದು ಸೊಂಟ ನೋಯುತ್ತಿದ್ದ ದಿನದ್ದು ಎಂದು ಗುರುತು ಸಿಗುತ್ತಿತ್ತು. ಕಡ್ಡಿ ತೂರಿಸುವಾಗ ಹೊಟ್ಟೆಯೊಳಗೆ ಒಂದು ಒದೆತ ಬಂದರೆ ಅವಳು ಅಲ್ಲೇ ನಿಲ್ಲಿಸಿ, ಇನ್ನೊಂದು ಬರುತ್ತದೋ ಎಂದು ಕಾಯುತ್ತಿದ್ದಳು. ಬಂದ ಮೇಲೆ ಹೆಣಿಗೆ ಮುಂದಕ್ಕೆ.

ಆದರೆ ಏನು ಹೆಣೆಯುವುದು? ಅಲ್ಲಿ ಮಾತ್ರ ಶಾಂತಕ್ಕನ ಕಟ್ಟಪ್ಪಣೆ. ಕೂಸು ಮಡಿಲಿಗೆ ಬರುವ ತನಕ ಅದರ ಹೆಸರಿನಲ್ಲಿ ಮನೆಯಲ್ಲಿ ಒಂದೆಳೆ ಹೊಸ ದಾರ ಇರಬಾರದು. ಹುಟ್ಟಿದ ಮೇಲೂ ಮೊದಲು ಹಾಕುವುದು ಯಾರದೋ ಮಕ್ಕಳು ಉಟ್ಟು ಬಿಟ್ಟ ಹಳೇ ಬಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಊರೆಲ್ಲ ಗಾದೆ ಹೇಳಿ ನಗುತ್ತದೆ. ಶಾಂತಕ್ಕನಿಗೆ ಅದು ನಗುವ ಮಾತಾಗಿರಲಿಲ್ಲ. ಹೊಸ ಬಟ್ಟೆ ಕಾಯುತ್ತಾ ಇದ್ದರೆ ಕಣ್ಣು ಬೀಳುತ್ತದೆ, ಬಂದ ಜೀವ ತಿರುಗಿ ಹೋಗುತ್ತದೆ ಎಂದು ಅವಳು ನಿಜವಾಗಿ ನಂಬಿದ್ದಳು. ಡಾಕ್ಟರಮ್ಮನ ಹೊಲಿಗೆ ಒಳಗಿನಿಂದ, ತನ್ನ ಕಾವಲು ಹೊರಗಿನಿಂದ ಎಂಬುದು ಅವಳ ಲೆಕ್ಕ. ದಿನಕ್ಕೊಮ್ಮೆ ಮಂಚದ ಬಳಿ ಬಂದು ಕಡ್ಡಿಯಲ್ಲಿ ಏನಿದೆ ಎಂದು ನೋಡುತ್ತಿದ್ದಳು.

"ಏನಿದು?"

"ಮಫ್ಲರ್ ಅತ್ತೆ."

"ಉದ್ದಕೇ ಇರ್ಲಿ."

ಉದ್ದಕ್ಕೇ ಇತ್ತು. ಮೊದಲ ಮಫ್ಲರ್ ಮೋಹನನಿಗೆ. ಗುಡ್ಡದ ಮೇಲಿನ ಗಾಳಿಗೆ ಅವನಿಗೆ ಅದು ಬೇಕೂ ಆಗಿತ್ತು. ಎರಡನೆಯದು ಉಣ್ಣೆ ಹಿಂಜಿದ ಅಬ್ದುಲ್ ಖಾದರನಿಗೆ. ಹೊಸದುರ್ಗದ ಬಿಸಿಲಿನಲ್ಲಿ ಕರಿ ಉಣ್ಣೆ ಸುತ್ತಿಕೊಂಡು ಅಂಗಡಿಯಲ್ಲಿ ಕೂತ ಅವನನ್ನು ನೋಡಿ ಗಿರಾಕಿಗಳು ಜ್ವರವೇ ಸಾಹೇಬರೇ ಎಂದು ಕೇಳುತ್ತಿದ್ದರಂತೆ. ಕೊಟ್ಟವಳಿಗೆ ಬೇಜಾರಾದೀತು ಎಂದು ಅವನು ಬೆವರುತ್ತಲೇ ಕೂತಿದ್ದ. ಮೂರನೆಯದು ಸುಗ್ರಾಗೆ, ನಾಲ್ಕನೆಯದು ಹಾಲಿನ ನಿಂಗಪ್ಪನಿಗೆ. ಕೊನೆಗೆ ಬೀದಿಯಲ್ಲಿ ಯಾರಾದರೂ ಕತ್ತು ಉದ್ದ ಮಾಡಿ ಇಣುಕಿದರೆ ಅನುಸೂಯಗೆ ಅಳತೆಯೇ ಕಾಣತೊಡಗಿತು.

ಚೀಲದ ತಳದಲ್ಲಿ ಮರಿಕುರಿಯ ಮೊದಲ ಉಣ್ಣೆ ಸ್ವಲ್ಪ ಇತ್ತು. ಬೂದು ಬಣ್ಣ, ಕೆನ್ನೆಗೆ ಒತ್ತಿದರೆ ಚುಚ್ಚುವುದಿಲ್ಲ. ಅದನ್ನು ಮಫ್ಲರಿಗೆ ಹಾಕಲು ಅನುಸೂಯಗೆ ಮನಸ್ಸಾಗಲಿಲ್ಲ. ತೀರ ಸಣ್ಣಗೆ ನೂತಳು. ನೂತು ಉಂಡೆ ಮಾಡಿ ದಿಂಬಿನ ಬಳಿ ಇಟ್ಟುಕೊಂಡಳು. ಇಟ್ಟುಕೊಳ್ಳುವುದರಲ್ಲಿ ತಪ್ಪೇನು? ಬರೀ ಉಂಡೆ. ಆಮೇಲೆ ಕಡ್ಡಿಗೆ ಕುಣಿಕೆ ಏರಿಸಿದಳು. ಬರೀ ಕುಣಿಕೆ. ಕುಲಾವಿಯ ಶುರು ನೋಡಲಿಕ್ಕೆ ಮಫ್ಲರಿನ ಶುರುವಿನಂತೆಯೇ ಇರುತ್ತದೆ. ಮೇಲಕ್ಕೆ ಹೋದಂತೆ ಕುಣಿಕೆ ಕಡಿಮೆ ಮಾಡುತ್ತ ತಲೆಯ ಆಕಾರ ಬಂದಾಗಲೇ ಗುಟ್ಟು ರಟ್ಟಾಗುವುದು.

ಆಕಾರ ಬರುವ ಹೊತ್ತಿಗೆ ಅವಳು ಪಕ್ಕಾ ಕಳ್ಳಿಯಾಗಿದ್ದಳು. ಚಪ್ಪಲಿ ಸದ್ದು ಕೇಳಿದರೆ ಬೂದು ಹೆಣಿಗೆ ದಿಂಬಿನ ಗವುಸಿನೊಳಕ್ಕೆ, ಕರಿ ಮಫ್ಲರ್ ಹೊಟ್ಟೆಯ ಮೇಲಕ್ಕೆ. ಕದ್ದು ಹೆಣೆದ ಆ ಮಧ್ಯಾಹ್ನಗಳೇ ಆ ತಿಂಗಳುಗಳಲ್ಲಿ ಅವಳು ನಿಜವಾಗಿ ಬದುಕಿದ ಹೊತ್ತು. ಕೂಸು ಬರುತ್ತದೆ ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲರೂ ಉಸಿರು ಬಿಗಿ ಹಿಡಿದಿದ್ದರು. ಅವಳ ಬೆರಳುಗಳು ಮಾತ್ರ ಬರುತ್ತದೆ, ಬರುತ್ತದೆ ಎನ್ನುತ್ತಿದ್ದವು.

ಏಳನೇ ತಿಂಗಳು ಹಿಡಿದ ಮೇಲೆ ಒಂದು ದಿನ, ಊಟವಾದ ಹೊತ್ತಿನಲ್ಲಿ, ಸೀರೆ ಒದ್ದೆಯಾದಂತಾಯಿತು. ಕೈ ಇಟ್ಟು ನೋಡಿದರೆ ರಕ್ತ.

ಅಬ್ದುಲ್ ಖಾದರ್ ಹಾಸಿಗೆ ಸಾಗಿಸುವ ವ್ಯಾನಿನಲ್ಲಿ ಗಿರಾಕಿಗೆಂದು ಕಟ್ಟಿಟ್ಟಿದ್ದ ಹೊಸ ಹಾಸಿಗೆಯನ್ನೇ ಬಿಚ್ಚಿ ಹಾಸಿದ. ಶಾಂತಕ್ಕ ಹಿಂದೆ ಕೂತು ಸೊಸೆಯ ಕಾಲುಗಳನ್ನು ತನ್ನ ತೊಡೆಯ ಮೇಲೆ ಎತ್ತಿಕೊಂಡಳು. ಚಿತ್ರದುರ್ಗಕ್ಕೆ ಹೋಗುವ ಹೊಳಲ್ಕೆರೆ ದಾರಿಯಲ್ಲಿ ಎಷ್ಟು ಹಂಪುಗಳಿವೆ ಎಂದು ಬಸ್ಸಿನಲ್ಲಿ ತೂಕಡಿಸುತ್ತ ಹೋಗುವವರಿಗೆ ಗೊತ್ತಾಗುವುದಿಲ್ಲ. ಪ್ರತಿ ಹಂಪಿಗೂ ಅಬ್ದುಲ್ ಖಾದರ್ "ಯಾ ಅಲ್ಲಾ" ಎನ್ನುತ್ತಿದ್ದ, ಶಾಂತಕ್ಕ ಮನೆದೇವರನ್ನು ಕರೆಯುತ್ತಿದ್ದಳು. ಹೊಳಲ್ಕೆರೆಯಲ್ಲಿ ಮೋಹನ ಬೈಕು ಬಿಟ್ಟು ವ್ಯಾನು ಹತ್ತಿದ. ಅನುಸೂಯ ಯಾವ ದೇವರನ್ನೂ ಕರೆಯಲಿಲ್ಲ. ಅವಳ ತಲೆಯಲ್ಲಿದ್ದುದು ಒಂದೇ. ನಾನು ಕುಲಾವಿ ಹೆಣೆದೆ. ನಾನೇ ಮಾಡಿದೆ ಇದನ್ನು. ಓದಿದ ಹುಡುಗಿ, ಇದೆಲ್ಲ ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಹೊತ್ತಿನಲ್ಲಿ ಕಾಸಿನ ಪ್ರಯೋಜನಕ್ಕೂ ಬರಲಿಲ್ಲ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಡಾಕ್ಟರಮ್ಮ ಕೂಸಿನ ಎದೆ ಬಡಿತ ಕೇಳಿಸಿದರು. ಕುದುರೆ ಓಡಿದಂತೆ ಇತ್ತು. ಹೊಲಿಗೆ ಜಗ್ಗಿದೆ, ಆದರೆ ಬಿಟ್ಟಿಲ್ಲ. ಆದರೂ ಮಾತು ಕೊಡಲಾರೆ, ಒಂದೊಂದು ವಾರ ದಾಟಿದರೂ ಅಷ್ಟು ಲಾಭ ಎಂದರು. ಕೆಲವು ದಿನ ಅಲ್ಲೇ ಇರಿಸಿಕೊಂಡರು. ಬಟ್ಟೆಬರೆ ತರಲು ಶಾಂತಕ್ಕ ಬಸ್ಸಿನಲ್ಲಿ ಊರಿಗೆ ಹೋದಳು. ಅವಳು ಅತ್ತ ಹೋದದ್ದೇ ಅನುಸೂಯ ಗಂಡನ ಕೈ ಹಿಡಿದುಕೊಂಡಳು.

"ರೀ, ದಿಂಬಿನ ಗವುಸಿನಾಗೆ ಒಂದು ಕುಲಾವಿ ಐತೆ. ಅತ್ತೆ ಕಣ್ಣಿಗೆ ಬೀಳೋಕ್ ಮುಂಚೆ ಸುಟ್ಟುಬಿಡ್ರಿ."

"ಟೋಪಿಗೂ ರಕ್ತಕ್ಕೂ ಏನೇ ಸಂಬಂಧ?" ಎಂದ ಮೋಹನ. ಎಂದವನು ಆ ಸಂಜೆಯೇ ಊರಿಗೆ ಹೋಗಿ ಬಂದ. ಗಂಡಸರು ಬಾಯಲ್ಲಿ ನಂಬುವುದೇ ಬೇರೆ, ಕಾಲಲ್ಲಿ ನಂಬುವುದೇ ಬೇರೆ. ಬಂದು ಮೆಲ್ಲಗೆ ಹೇಳಿದ. "ಅವ್ವ ಹಾಸಿಗೆ ಎಲ್ಲಾ ಒಗೆದು ಹಾಕೈತೆ. ಗವುಸಿನಾಗೆ ಏನೂ ಇರಲಿಲ್ಲ."

ಶಾಂತಕ್ಕನ ಕೈಗೆ ಸಿಕ್ಕಿದೆ ಎಂದಾಯಿತು. ಅನುಸೂಯ ಅವಳ ಬಾಯಿಂದ ಮಾತು ಬೀಳುವುದನ್ನೇ ಕಾಯುತ್ತ ಮಲಗಿದಳು. ಶಾಂತಕ್ಕ ಆಸ್ಪತ್ರೆಗೆ ವಾಪಸು ಬಂದಳು, ಗಂಜಿ ಕುಡಿಸಿದಳು, ತಲೆ ಬಾಚಿದಳು. ಏನೂ ಕೇಳಲಿಲ್ಲ. ಮನೆಗೆ ಕರೆದುಕೊಂಡು ಬಂದು ಮತ್ತೆ ಅದೇ ಇಟ್ಟಿಗೆಯ ಮಂಚದ ಮೇಲೆ ಮಲಗಿಸಿದರು. ಆಗಲೂ ಕೇಳಲಿಲ್ಲ. ಅದೇ ಫ್ಯಾನು, ಅದೇ ಗೋಡೆ. ಕದಿರು ಕಿಟಕಿಯಲ್ಲಿ ಹಾಗೇ ಇತ್ತು, ಅನುಸೂಯ ಅದನ್ನು ಮುಟ್ಟಲಿಲ್ಲ. ಮೊದಲು ಮೈ ಮಾತ್ರ ಸಿಕ್ಕಿಬಿದ್ದಿತ್ತು, ಈಗ ಕೈಯೂ ಸಿಕ್ಕಿಬಿತ್ತು. ಬೈದಾದರೂ ಬಿಡಬಾರದೇ ಎಂದು ಅವಳಿಗೆ ಅತ್ತೆಯ ಮೇಲೆ ಸಿಟ್ಟೂ ಬಂತು.

ಕೊನೆಗೆ ಒಂದು ಮಧ್ಯಾಹ್ನ ತಡೆಯಲಾರದೆ ತಾನೇ ಬಾಯಿಬಿಟ್ಟಳು.

"ಅತ್ತೆ, ದಿಂಬಿನಾಗೆ ಒಂದಿತ್ತು."

ಮಂಚದ ಪಕ್ಕ ಕೂತು ಅಕ್ಕಿ ಆರಿಸುತ್ತಿದ್ದ ಶಾಂತಕ್ಕ ತಲೆ ಎತ್ತಲಿಲ್ಲ. "ಇತ್ತು."

"ನಾನೇ ಹೆಣೆದಿದ್ದು. ತಪ್ಪಾತು. ಅದಕ್ಕೇ ಹಿಂಗಾತು. ಕೊಡ್ರಿ, ಬಿಚ್ಚಿ ಹಾಕ್ತೀನಿ."

ಶಾಂತಕ್ಕ ಮೊರ ಕೆಳಗಿಟ್ಟು ಎದ್ದು ಹೋದಳು. ಬೀರು ತೆಗೆದ ಸದ್ದಾಯಿತು. ತನ್ನ ಸೀರೆಗಳ ನಡುವೆ ಮಡಿಸಿಟ್ಟಿದ್ದ ಬೂದು ಹೆಣಿಗೆಯನ್ನು, ಒಂದು ಕುಣಿಕೆಯೂ ಜಾರದಂತೆ ಕಡ್ಡಿಯ ತುದಿಗೆ ನೂಲು ಸುತ್ತಿದ್ದನ್ನು, ತಂದು ಸೊಸೆಯ ಕೈಗೆ ಕೊಟ್ಟಳು. ಅನುಸೂಯ ನೂಲು ಬಿಡಿಸಿ ಕಡ್ಡಿ ಎಳೆದಳು. ಕಣ್ಣು ಮುಚ್ಚಿ ದಾರ ಹಿಡಿದು ಜಗ್ಗಿದಳು. ಒಂದು ಸಾಲು ಸರ್ರನೆ ಬಿಚ್ಚಿತು. ಇನ್ನೊಂದು ಸಾಲಿಗೆ ಹೋಗುವಷ್ಟರಲ್ಲಿ ಶಾಂತಕ್ಕನ ಕೈ ಅವಳ ಕೈಯನ್ನು ಅದುಮಿ ಹಿಡಿಯಿತು.

"ಬಿಡು. ಬಿಚ್ಚಬ್ಯಾಡ."

"ನೀವೇ ಅಲ್ವಾ ಅತ್ತೆ ಹೇಳಿದ್ದು?"

"ಹೇಳಿದ್ದೆ. ಹೋದ ಸಲನೂ ಹೇಳಿದ್ದೆ, ನೀನೂ ಕೇಳಿದ್ದೆ. ಒಂದೆಳೆ ದಾರ ತರ್ಲಿಲ್ಲ ನಾವು. ಏನು ಉಳೀತು?" ಆ ಮನೆಯಲ್ಲಿ ಯಾರೂ ಎತ್ತದ ಮಾತನ್ನು ಶಾಂತಕ್ಕನೇ ಎತ್ತಿದ್ದಳು. "ಅವತ್ತು ಮೋಹನನ ಟವೆಲ್ನಾಗೆ ಸುತ್ತಿ ಕೊಟ್ರು. ಅವನು ಗುಂಡಿ ತೋಡಿಸೋ ತನಕ ನಾನೇ ಎತ್ಕಂಡು ಕುಂತಿದ್ದೆ. ಮೈಗೆ ಟವೆಲ್ ಆತು. ತಲೆಗೆ ಏನೂ ಇರ್ಲಿಲ್ಲ ಕಣವ್ವ. ಗಾಳಿ ಬೀಸ್ತಿತ್ತು. ಕೈಯಾಗೆ ಮುಚ್ಕಂಡಿದ್ದೆ. ತಲೆ ತುಂಬ ಕೂದ್ಲಿತ್ತು."

ಅನುಸೂಯ ಅಳಲಿಲ್ಲ. ಅವಳಿಗೆ ಅಳುವುದಕ್ಕಿಂತ ಕೇಳುವ ಹಸಿವು ಹೆಚ್ಚಾಗಿತ್ತು. ತಾನು ಕಾಣದ ಮಗಳಿಗೆ ಕೂದಲಿತ್ತು ಎಂದು ಅವಳಿಗೆ ಇವತ್ತಿನವರೆಗೆ ಯಾರೂ ಹೇಳಿರಲಿಲ್ಲ.

"ತಲೆ ಎಷ್ಟಿತ್ತು ಅತ್ತೆ?"

ಶಾಂತಕ್ಕ ಬಲಗೈಯನ್ನು ಮುಂದೆ ಚಾಚಿ ಬೆರಳು ಬಗ್ಗಿಸಿ ಬಟ್ಟಲಿನಂತೆ ಮಾಡಿದಳು. ಯೋಚಿಸಬೇಕಾಗಲಿಲ್ಲ. ಅಳತೆ ಕೈಯಲ್ಲೇ ಇತ್ತು.

"ಇಷ್ಟು."

ಅನುಸೂಯ ಕುಲಾವಿಯನ್ನು ಆ ಕೈಯ ಮೇಲೆ ಹಾಕಿದಳು. ಕೈ ಪೂರ್ತಿ ಮುಚ್ಚಿ, ಅಂಚಿನ ಮೇಲೆ ಅಂಚು ಬಂದು, ಮಣಿಕಟ್ಟಿನ ತನಕ ಇಳಿಯಿತು.

"ತೀರ ದೊಡ್ಡದಾತು. ನನಗೆ ಅಳತೆ ಗೊತ್ತಿರ್ಲಿಲ್ಲ" ಎಂದಳು. "ಬಿಚ್ಚಿ ಸಣ್ಣದು ಮಾಡ್ಲಾ?"

"ಬ್ಯಾಡ" ಎಂದಳು ಶಾಂತಕ್ಕ. "ಇದು ದಿನ ತುಂಬಿ ಬರೋ ಕೂಸು. ದೊಡ್ಡದೇ ಇರ್ಲಿ."

ಅನುಸೂಯ ಬಿಚ್ಚಿಹೋದ ಕುಣಿಕೆಗಳನ್ನು ಒಂದೊಂದಾಗಿ ಹುಡುಕಿ ಕಡ್ಡಿಗೆ ಏರಿಸತೊಡಗಿದಳು. ಶಾಂತಕ್ಕ ಕುಲಾವಿಯ ಒಳಗಿದ್ದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.